ಒಂದು ಅಸೈನ್‌ಮೆಂಟು, ಒಂದು ಪೀರಿಯಡ್ಡು: ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕುವುದನ್ನು ಕಲಿಸುವ ಬಗೆ

ಹೊಸ ವಿದ್ಯಾರ್ಥಿಗಳನ್ನು ಸಾಲಾಗಿ ಕರೆತಂದು "ಇದು ರೆಫರೆನ್ಸ್ ವಿಭಾಗ, ಅದು ಪತ್ರಿಕೆಗಳ ಮೇಜು, ಇಲ್ಲಿ ಗಲಾಟೆ ಮಾಡಬಾರದು" ಎಂದು ತೋರಿಸಿ ಕಳಿಸುವುದಕ್ಕೆ ಬಹಳಷ್ಟು ಕಾಲೇಜುಗಳು ಗ್ರಂಥಾಲಯ ಪರಿಚಯ ಎನ್ನುತ್ತವೆ. ಅದರಿಂದ ಆಗುವ ಲಾಭ ಕಡಿಮೆ. ಆ ದಿನ ಅವರಿಗೆ ಹುಡುಕಬೇಕಾದದ್ದು ಏನೂ ಇರುವುದಿಲ್ಲ. ಉಂಡು ಬಂದವರಿಗೆ ಅಡುಗೆಮನೆ ತೋರಿಸಿದ ಹಾಗೆ. ಮೊದಲ ವಾರದಲ್ಲಿ ಹದಿನೈದೇ ನಿಮಿಷ ಸಾಕು: ಬಾಗಿಲು ತೆರೆಯುವ ಮುಚ್ಚುವ ಹೊತ್ತು, ಕಾರ್ಡು ಮಾಡಿಸುವ ಬಗೆ, ಒಬ್ಬರಿಗೆ ಎಷ್ಟು ಪುಸ್ತಕ ಎಷ್ಟು ದಿನ, ತಡವಾದರೆ ದಂಡ ಎಷ್ಟು. ಮಿಕ್ಕಿದ್ದನ್ನೆಲ್ಲ ಮೊದಲ ಅಸೈನ್‌ಮೆಂಟ್ ಬರುವವರೆಗೆ ಎತ್ತಿಡಿ. ಮಾಹಿತಿ ಸಾಕ್ಷರತೆ, ಅಂದರೆ ಬೇಕಾದ್ದನ್ನು ಹುಡುಕಿ, ತೂಗಿ ನೋಡಿ, ಎಲ್ಲಿಂದ ತಂದೆವೆಂದು ಹೇಳಿ ಬಳಸುವ ಕಲೆ, ಕೈಯಲ್ಲಿ ಒಂದು ಪ್ರಶ್ನೆ ಇರುವವರಿಗೆ ಮಾತ್ರ ಹತ್ತುತ್ತದೆ.

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ. ಒಬ್ಬ ಗ್ರಂಥಪಾಲಕರು, ಇದ್ದರೆ ಒಬ್ಬ ಸಹಾಯಕರು, ನಾಲ್ಕೈದು ಕಂಪ್ಯೂಟರು, ಹಳ್ಳಿಗಳಿಂದ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೊರಡುವ ವಿದ್ಯಾರ್ಥಿಗಳು. ಉದಾಹರಣೆಗೆ ಉದ್ದಕ್ಕೂ ಒಂದೇ ವಿಷಯ ಇಟ್ಟುಕೊಳ್ಳೋಣ: ತುಂಗಭದ್ರಾ ಜಲಾಶಯದ ಹೂಳು. ಹೊಸಪೇಟೆ, ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಇದು ಮನೆಮಾತು. ಹುಡುಕಾಟದಲ್ಲಿ ಎದುರಾಗುವ ಎಡವಟ್ಟುಗಳೆಲ್ಲ ಇದೊಂದರಲ್ಲೇ ಇವೆ.

ಮೊದಲು ಉಪನ್ಯಾಸಕರ ಹತ್ತಿರ ಹೋಗಿ

ಸೆಮಿಸ್ಟರಿನ ಎರಡನೇ ವಾರದೊಳಗೆ ಪ್ರತಿ ವಿಭಾಗದ ಉಪನ್ಯಾಸಕರನ್ನು ಕಂಡು ಮೂರು ಸಂಗತಿ ಬರೆದುಕೊಳ್ಳಿ: ಯಾವ ವಿಷಯಗಳ ಮೇಲೆ ಅಸೈನ್‌ಮೆಂಟ್ ಕೊಡುತ್ತೀರಿ, ಯಾವತ್ತು ಕೊಡುತ್ತೀರಿ, ಯಾವತ್ತು ವಾಪಸ್ ತೆಗೆದುಕೊಳ್ಳುತ್ತೀರಿ. ಈ ಎರಡು ದಿನಾಂಕಗಳ ನಡುವಿನ ಮೊದಲ ವಾರದಲ್ಲಿ ಒಂದು ಪೀರಿಯಡ್ ಕೇಳಿ. ಕೊಟ್ಟ ದಿನವೇ ಬೇಡ, ವಿದ್ಯಾರ್ಥಿಗಳು ಆಗಿನ್ನೂ ವಿಷಯದ ಬಗ್ಗೆ ಯೋಚಿಸಿರುವುದಿಲ್ಲ. ಕೊನೆಯ ವಾರವೂ ಬೇಡ. ಅಷ್ಟರಲ್ಲಿ ಯಾರೋ ಒಬ್ಬರ ಬರಹ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತು ಪ್ರತಿಯಾಗಿರುತ್ತದೆ.

ಬೇರೆ ಗಂಟೆ ಕೇಳಬೇಡಿ, ಅವರ ಪೀರಿಯಡನ್ನೇ ಕೇಳಿ. ಸಂಜೆ ನಾಲ್ಕರ ಮೇಲೆ ಇಟ್ಟರೆ ಬಸ್ಸು ತಪ್ಪುವ ಊರಿನವರು ಬರುವುದಿಲ್ಲ, ಮುಖ್ಯವಾಗಿ ಹೆಣ್ಣುಮಕ್ಕಳು. ಉಪನ್ಯಾಸಕರು ತರಗತಿಯಲ್ಲೇ ಇರಬೇಕು, ಇದು ಎರಡನೇ ಷರತ್ತು. ಅವರು ಸ್ಟಾಫ್ ರೂಮಿಗೆ ಹೋದರೆ "ಇದಕ್ಕೆ ಮಾರ್ಕ್ಸ್ ಇಲ್ಲ" ಎಂದು ವಿದ್ಯಾರ್ಥಿಗಳು ತಾವೇ ತೀರ್ಮಾನಿಸುತ್ತಾರೆ. ಸಾಧ್ಯವಾದರೆ ಹತ್ತು ಅಂಕದ ಅಸೈನ್‌ಮೆಂಟಿನಲ್ಲಿ ಎರಡು ಅಂಕವನ್ನು ಆಕರಗಳ ಪಟ್ಟಿಗೆ ಇಡಲು ಒಪ್ಪಿಸಿ. ಗೋಡೆಗೆ ಹತ್ತು ಪೋಸ್ಟರ್ ಅಂಟಿಸಿದರೂ ಆಗದ ಕೆಲಸ ಆ ಎರಡು ಅಂಕದಿಂದ ಆಗುತ್ತದೆ.

ಕೌಂಟರಿನ ಮಾತು

"ಸರ್, ಡ್ಯಾಂ ಮ್ಯಾಲ ಬುಕ್ ಅದಾವೇನ್ರಿ?" ಎಂದು ಹುಡುಗ ಬಂದು ನಿಂತ. ಇಲ್ಲಿ ಎರಡು ತಪ್ಪು ಉತ್ತರಗಳಿವೆ. "ಇಲ್ಲ" ಎನ್ನುವುದು ಒಂದು. ಸಿವಿಲ್ ಎಂಜಿನಿಯರಿಂಗಿನ ದಪ್ಪ ಪುಸ್ತಕ ತೆಗೆದು ಕೊಡುವುದು ಇನ್ನೊಂದು. ಕೇಳುವವರಿಗೆ ತಮಗೆ ಬೇಕಾದ್ದು ಏನೆಂದು ಅರ್ಧ ಮಾತ್ರ ಗೊತ್ತಿರುತ್ತದೆ. ಉಳಿದರ್ಧ ಹೊರಗೆ ತರುವುದು ಕೌಂಟರಿನ ಕೆಲಸ. "ಯಾವ ಸಬ್ಜೆಕ್ಟಪ್ಪ? ಸರ್ ಬರೆಸಿದ ಸಾಲು ಇದ್ದದ್ದು ಇದ್ದ ಹಾಗೆ ತೋರಿಸು. ಎಷ್ಟು ಪುಟ? ಯಾವತ್ತು ಕೊಡಬೇಕು? ಇದುವರೆಗೆ ಏನು ನೋಡಿದಿ?" ಈ ಕೊನೆಯ ಪ್ರಶ್ನೆ ಮರೆಯಬೇಡಿ. ಆಗಲೇ ನೋಡಿದ ವಿಕಿಪೀಡಿಯ ಪುಟವನ್ನೇ ಮತ್ತೆ ತೋರಿಸುವುದು ತಪ್ಪುತ್ತದೆ.

ಈ ಮಾತುಕತೆಗೆ ಮೂರು ನಿಮಿಷ ಸಾಕು. ಅಷ್ಟರಲ್ಲಿ "ಡ್ಯಾಂ" ಎಂಬುದು "ಹೂಳು ತುಂಬಿದ್ದರಿಂದ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಎರಡನೇ ಬೆಳೆಯ ನೀರು ಏನಾಯಿತು" ಎಂಬಲ್ಲಿಗೆ ಬಂದಿರುತ್ತದೆ. ಎಲ್ಲಿ, ಯಾರಿಗೆ, ಯಾವ ವರ್ಷಗಳಲ್ಲಿ ಎಂಬ ಮೂರು ಪದ ಸೇರದ ವಿಷಯಕ್ಕೆ ಪುಸ್ತಕ ತೆಗೆಯಲು ಏಳಬೇಡಿ.

ಕೌಂಟರಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಕೇಳಿದ ಪ್ರಶ್ನೆ, ಸಿಕ್ಕಿತೇ ಇಲ್ಲವೇ, ಸಿಗದಿದ್ದರೆ ಯಾಕೆ, ಇಷ್ಟನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಮುಂದಿನ ವರ್ಷದ ಖರೀದಿ ಪಟ್ಟಿ ಇದರಿಂದಲೇ ಹುಟ್ಟಬೇಕು, ಪುಸ್ತಕದಂಗಡಿಯವರು ತಂದುಕೊಟ್ಟ ಪಟ್ಟಿಯಿಂದಲ್ಲ.

ಒಂದು ವಿಷಯ, ನಾಲ್ಕು ಕಪಾಟು

ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಅಣೆಕಟ್ಟು 627.8ರಲ್ಲಿ ಕೂತಿದೆ, ನೀರಾವರಿ ಕೃಷಿ 631.587ರಲ್ಲಿ, ಜಲಸಂಪನ್ಮೂಲದ ಅರ್ಥಶಾಸ್ತ್ರ 333.91ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ. ಒಂದೇ ಅಸೈನ್‌ಮೆಂಟಿಗೆ ವಿದ್ಯಾರ್ಥಿ ನಾಲ್ಕು ಕಪಾಟಿಗೆ ಓಡಾಡಬೇಕು. ಇದನ್ನು ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಪ್ರತಿ ಅಸೈನ್‌ಮೆಂಟ್ ವಿಷಯಕ್ಕೂ ಅಂಗೈಯಗಲದ ಚೀಟಿ ಬರೆದು, ಕೌಂಟರಿನ ಪಕ್ಕ ನೇತುಹಾಕಿ: ನಾಲ್ಕು ವರ್ಗಸಂಖ್ಯೆ, ಆಯಾ ಕಪಾಟಿನ ನಂಬರು, ವಿಶ್ವಕೋಶದ ಸಂಪುಟ, ಪತ್ರಿಕೆ ಕಡತದ ಹೆಸರು. ಪುಸ್ತಕಗಳ ಹೆಸರನ್ನು ಚೀಟಿಯಲ್ಲಿ ಬರೆಯಬೇಡಿ. ಬರೆದರೆ ಮೊದಲು ಬಂದವನು ಅಷ್ಟನ್ನೂ ಎತ್ತಿಕೊಂಡು ಹೋಗುತ್ತಾನೆ, ಉಳಿದವರು ಕಪಾಟು ನೋಡುವುದನ್ನೇ ಬಿಡುತ್ತಾರೆ.

ಕನ್ನಡ ಸಾಹಿತ್ಯದ ಕಷ್ಟ ಬೇರೆ. 894.814 ಒಂದೇ ಸಂಖ್ಯೆಯಲ್ಲಿ ಐದಾರು ಕಪಾಟು ತುಂಬಿರುತ್ತದೆ. ಕಾವ್ಯಕ್ಕೆ 894.8141, ನಾಟಕಕ್ಕೆ 894.8142, ಕಥೆ ಕಾದಂಬರಿಗೆ 894.8143 ಎಂದು ಒಡೆದು, ಬೆನ್ನಿನ ಚೀಟಿಯಲ್ಲಿ ಲೇಖಕರ ಹೆಸರಿನ ಮೊದಲೆರಡು ಅಕ್ಷರಗಳನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರ ಬರೆದರೆ 'ಶ', 'ಸ', 'ಷ' ಒಂದೇ ರಾಶಿಗೆ ಬೀಳುತ್ತವೆ.

ಇನ್ನು ಬೀಗದ ಮಾತು. ಪುಸ್ತಕ ಕಳೆದರೆ ತಮ್ಮ ಸಂಬಳಕ್ಕೆ ಬರುತ್ತದೆಂಬ ಭಯದಿಂದ ಕಪಾಟಿಗೆ ಬೀಗ ಜಡಿಯುವ ಗ್ರಂಥಪಾಲಕರನ್ನು ದೂರುವುದು ಸುಲಭ, ಅವರ ಭಯ ಸುಳ್ಳಲ್ಲ. ಆದರೆ ಬೀಗದ ಹಿಂದಿನ ಪುಸ್ತಕದಿಂದ ಹುಡುಕುವುದನ್ನು ಕಲಿಸಲಾಗದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮವು ವರ್ಷದಲ್ಲಿ ಎರವಲು ಕೊಟ್ಟ ಮತ್ತು ಅಲ್ಲೇ ಓದಿದ ಪ್ರತಿ 1000 ಪುಸ್ತಕಕ್ಕೆ 5ರಷ್ಟು ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜವೆಂದು ಒಪ್ಪುತ್ತದೆ. 1000 ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಆಗಲೇಬೇಕು. ರಾಜ್ಯದ ಕಾಲೇಜಿಗೆ ಇದು ನೇರ ಕಟ್ಟಳೆಯಲ್ಲ, ಆದರೆ ಗ್ರಂಥಾಲಯ ಸಮಿತಿಯ ಮುಂದಿಟ್ಟು ಇಂಥದೇ ನಿರ್ಣಯ ಬರೆಸಿಕೊಳ್ಳಲು ಒಳ್ಳೆಯ ಆಧಾರ. ನಿರ್ಣಯಕ್ಕೆ ಪ್ರಾಂಶುಪಾಲರ ಸಹಿ ಬಿದ್ದ ಮೇಲೆ ಬೀಗ ತೆಗೆಯಿರಿ. ಅಷ್ಟರವರೆಗೆ ಮೂರೇ ಕಪಾಟು ತೆರೆದಿಟ್ಟು ಶುರುಮಾಡಿದರೂ ಸರಿ.

ಪಠ್ಯಪುಸ್ತಕಗಳ ವಿಷಯದಲ್ಲಿ ಹೇಳುವುದು ಕಡಿಮೆ. ಐದು ಪ್ರತಿಯಿದ್ದರೆ ಒಂದನ್ನು ಹೊರಗೆ ಕೊಡಬೇಡಿ, ಎರಡನ್ನು ಮಧ್ಯಾಹ್ನ ಕೊಟ್ಟು ಮರುದಿನ ಬೆಳಿಗ್ಗೆ ಹತ್ತಕ್ಕೆ ವಾಪಸ್ ತೆಗೆದುಕೊಳ್ಳಿ, ಉಳಿದೆರಡು ಎಂದಿನಂತೆ ಎರವಲು. ಇಂಟರ್ನಲ್ಸ್‌ಗೆ ಹತ್ತು ದಿನ ಇರುವಾಗ ಆ ಎರಡನ್ನೂ ಒಂದು ರಾತ್ರಿಯ ಲೆಕ್ಕಕ್ಕೆ ತನ್ನಿ.

ಐವತ್ತು ನಿಮಿಷದ ತರಗತಿ

ಅರವತ್ತು ಮಂದಿಯನ್ನು ಒಟ್ಟಿಗೆ ಕೂರಿಸಿದರೆ ಅದು ಭಾಷಣವಾಗುತ್ತದೆ. ಮೂವತ್ತರ ಎರಡು ತಂಡ ಮಾಡಿ. ಐದೈದು ಮಂದಿಯಂತೆ ಆರು ಮೇಜು. ಪ್ರತಿ ಮೇಜಿಗೂ ಒಂದೊಂದು ಲಕೋಟೆ, ಒಳಗೆ ಐದು ಕಾಗದ: ವಿಶ್ವಕೋಶದಲ್ಲಿ ತುಂಗಭದ್ರಾ ಕುರಿತ ಪುಟದ ಜೆರಾಕ್ಸ್, 2016ಕ್ಕೆ ಮೊದಲಿನ ಒಂದು ಪತ್ರಿಕಾ ಲೇಖನ, 2024ರ ಆಗಸ್ಟ್ ತಿಂಗಳ ಒಂದು ವರದಿ, ತುಂಗಭದ್ರಾ ಮಂಡಳಿಯ ಒಂದು ದಾಖಲೆಯ ಪುಟ, ಹೆಸರೂ ದಿನಾಂಕವೂ ಇಲ್ಲದ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡಿನ ಪ್ರಿಂಟು. ಹುಡುಕಿದ ಫಲಿತಾಂಶದ ಪುಟಗಳನ್ನೂ ಮೊದಲೇ ಪ್ರಿಂಟ್ ತೆಗೆದಿಡಿ. ಆ ಹೊತ್ತಿಗೇ ಕರೆಂಟ್ ಹೋಗುವುದುಂಟು, ಇಂಟರ್ನೆಟ್ ಅಂತೂ ನಿಮ್ಮ ಮಾತು ಕೇಳುವುದಿಲ್ಲ.

ಮೊದಲ ಐದು ನಿಮಿಷ ವಿಷಯವನ್ನು ಒಂದು ಪ್ರಶ್ನೆಯಾಗಿ ಬರೆಸಿ. ಮುಂದಿನ ಹತ್ತು ನಿಮಿಷ ಹುಡುಕುಪದಗಳ ಕೋಷ್ಟಕ. ಅಲ್ಲಿಂದ ಹದಿನೈದು ನಿಮಿಷ ಕ್ಯಾಟಲಾಗಿನಲ್ಲೂ ಇಂಟರ್ನೆಟ್‌ನಲ್ಲೂ ಹುಡುಕಾಟ, ಇನ್ನು ಹದಿನೈದು ನಿಮಿಷ ಲಕೋಟೆಯ ಕಾಗದಗಳಲ್ಲಿನ ಅಂಕಿಗಳ ತಾಳೆ. ಕೊನೆಯ ಐದು ನಿಮಿಷದಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ಆಕರವನ್ನು ಸರಿಯಾದ ರೂಪದಲ್ಲಿ ಬರೆದು ಕೊಟ್ಟು ಹೊರಡಬೇಕು. ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಪುಸ್ತಕ, ಪತ್ರಿಕೆ ಒದಗಿಸುವ ಯೋಜನೆ), ಶೋಧಗಂಗಾ (ಪಿಎಚ್.ಡಿ. ಪ್ರಬಂಧಗಳ ತಾಣ), ಸ್ವಯಂ (ಆನ್‌ಲೈನ್ ಕೋರ್ಸುಗಳ ತಾಣ), ನಕಲಿನ ನಿಯಮ ಎಲ್ಲವನ್ನೂ ಇದೇ ಐವತ್ತು ನಿಮಿಷಕ್ಕೆ ತುರುಕುವ ಆಸೆಗೆ ಬೀಳಬೇಡಿ. ಹುಡುಕುಪದ ಮತ್ತು ಅಂಕಿ, ಎರಡೇ ಕಲಿತರೂ ಆ ದಿನ ಸಾರ್ಥಕ.

ಕನ್ನಡದಲ್ಲಿ ಹುಡುಕುವಾಗ ಏನೂ ಸಿಗದಿರುವುದು ಯಾಕೆ

"ಕನ್ನಡದಲ್ಲಿ ಏನೂ ಇಲ್ಲ ಸರ್" ಎಂಬುದು ಹೆಚ್ಚಿನ ಸಲ ಸುಳ್ಳು. ಇದೆ, ಕಣ್ಣಿಗೆ ಬೀಳುತ್ತಿಲ್ಲ. ಕಾರಣಗಳು ಹಲವು, ಒಂದೊಂದಕ್ಕೂ ಬೇರೆ ಮದ್ದು.

ವಿಭಕ್ತಿ ಮೊದಲನೆಯದು. ಕ್ಯಾಟಲಾಗಿನಲ್ಲಿ "ಅಣೆಕಟ್ಟು" ಎಂದು ಹುಡುಕಿದರೆ "ಅಣೆಕಟ್ಟಿನ ಕಥೆ" ಬರದೇ ಹೋಗಬಹುದು, "ಅಣೆಕಟ್ಟೆ" ಬರಲಿಕ್ಕೇ ಇಲ್ಲ. ಕೊನೆಯ ಸ್ವರ ಕಳಚಿ "ಅಣೆಕಟ್ಟ" ಎಂದಷ್ಟೇ ಬರೆದು ನಕ್ಷತ್ರ ಚಿಹ್ನೆ ಹಾಕಿ ಹುಡುಕಿಸಿ. ಕೋಹಾದಂಥ ಗ್ರಂಥಾಲಯ ತಂತ್ರಾಂಶ ಇದನ್ನು ಒಪ್ಪುತ್ತದೆ. "ಹೂಳ" ಎಂದು ಬರೆದು ನಕ್ಷತ್ರ ಹಾಕಿದರೆ ಹೂಳು, ಹೂಳಿನ, ಹೂಳೆತ್ತುವ ಮೂರೂ ಬಲೆಗೆ ಬೀಳುತ್ತವೆ. ವ್ಯಾಕರಣ ತರಗತಿಯಲ್ಲಿ ನಿದ್ದೆ ಹೊಡೆದವರಿಗೂ ವಿಭಕ್ತಿ ಪ್ರತ್ಯಯದ ಉಪಯೋಗ ಆಗ ಗೊತ್ತಾಗುತ್ತದೆ.

ಹೆಸರಿನ ಬದಲಾವಣೆ ಎರಡನೆಯದು. ಇಂಗ್ಲಿಷಿನಲ್ಲಿ ಹುಡುಕುವಾಗ ಹಳೆಯ ದಾಖಲೆಗಳಲ್ಲಿ 'ಹಾಸ್ಪೆಟ್', 'ಬೆಲ್ಲರಿ' ಎಂಬ ಕಾಗುಣಿತ ಇರುತ್ತದೆ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಹೊಸಪೇಟೆ, ಬಳ್ಳಾರಿ ಎಂಬ ಉಚ್ಚಾರಕ್ಕೆ ತಕ್ಕ ಕಾಗುಣಿತ ಬಂತು. ಎರಡನ್ನೂ ಹುಡುಕಬೇಕು. ಜೊತೆಗೆ 2021ರಲ್ಲಿ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾಯಿತು. ಜಲಾಶಯದ ಹೊಸಪೇಟೆ ಕಡೆಯ ದಂಡೆ ಈಗ ಇರುವುದು ವಿಜಯನಗರ ಜಿಲ್ಲೆಯಲ್ಲಿ, ಅದರ ಬಗ್ಗೆ ಹಳೆಯ ಮಾಹಿತಿ ಇರುವುದು ಬಳ್ಳಾರಿಯ ಹೆಸರಿನಲ್ಲಿ. 2011ರ ಜನಗಣತಿಯ ಬಳ್ಳಾರಿ ಅಂಕಿಯನ್ನು ಇವತ್ತಿನ ಬಳ್ಳಾರಿಗೆ ಹಚ್ಚಿ ಬರೆದ ಪ್ರಾಜೆಕ್ಟುಗಳಿಗೆ ಲೆಕ್ಕವಿಲ್ಲ. ಇದು ವಿದ್ಯಾರ್ಥಿಯ ತಪ್ಪು ಮಾತ್ರವಲ್ಲ, ತಿದ್ದದೇ ಬಿಟ್ಟವರದೂ ಹೌದು.

ಅಕ್ಷರದ ಸಂಕೇತ ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಮಾಡಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಕನ್ನಡವಲ್ಲ. ಅಂಥ ಪಿಡಿಎಫ್‌ನ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿತ್ರವಿಚಿತ್ರ ಚಿಹ್ನೆಗಳ ಗೊಜಲು ಬಂದರೆ ಆ ಕಡತದೊಳಗೆ ಗೂಗಲ್ ಕೂಡ ಕನ್ನಡ ಪದ ಹುಡುಕಲಾರದು. ಶೋಧಗಂಗಾದ ಹಲವು ಕನ್ನಡ ಪ್ರಬಂಧಗಳು, ಸರ್ಕಾರಿ ಇಲಾಖೆಗಳ ಹಳೆಯ ವರದಿಗಳು ಈ ಗುಂಪಿನವು. ಅಂಥಲ್ಲಿ ಒಳಗಿನ ಪದದಿಂದ ಹುಡುಕದೆ, ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಇಲ್ಲವೇ ಮಾರ್ಗದರ್ಶಕರ ಅಥವಾ ವಿಭಾಗದ ಹೆಸರಿನಿಂದ ಹುಡುಕಬೇಕು. ಕಡತ ಸಿಕ್ಕ ಮೇಲೆ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ ಇನ್ನೊಂದು ಬಗೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್ ಸೇರಿದ ಕನ್ನಡ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ, ಟೈಪ್ ಮಾಡಿದವರ ಕಿವಿಗೆ ಕೇಳಿದಂತೆ ಇವೆ. ಒಂದೇ ಪದಕ್ಕೆ ಮೂರು ಕಾಗುಣಿತ ಹಾಕಿ ನೋಡಬೇಕು. ಸಂಚಯ ತಂಡದ ಪುಸ್ತಕ ಸಂಚಯ ತಾಣದಲ್ಲಿ ಇವನ್ನು ಕನ್ನಡದಲ್ಲೇ ಹುಡುಕಬಹುದು. ವಚನಗಳ ಪದ ಬೇಕಿದ್ದರೆ ವಚನ ಸಂಚಯ. ಸ್ಕ್ಯಾನ್ ಪುಟವನ್ನು ಪಠ್ಯವಾಗಿಸಲು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಸಾಕಷ್ಟು ಚೆನ್ನಾಗಿಯೇ ಓದುತ್ತದೆ. ಕಡತ 2 ಎಂಬಿ ಮೀರದಿರಲಿ, ಹತ್ತು ಪುಟ ಬೇಕಿದ್ದರೆ ಬಿಡಿಸಿ ಹಾಕಿ. ಒತ್ತಕ್ಷರ ತಪ್ಪಿದರೆ ಓದುವಾಗ ಗೊತ್ತಾಗುತ್ತದೆ. ಕನ್ನಡ ಅಂಕಿ ತಪ್ಪಿದರೆ ಗೊತ್ತಾಗುವುದಿಲ್ಲ, ಸೊನ್ನೆಗೂ ಅನುಸ್ವಾರಕ್ಕೂ ಆಕಾರದಲ್ಲಿ ವ್ಯತ್ಯಾಸವೇ ಇಲ್ಲವೆನ್ನಬೇಕು. ಅಂಕಿಗಳನ್ನೆಲ್ಲ ಚಿತ್ರದೊಂದಿಗೆ ಕಣ್ಣಾರೆ ತಾಳೆ ನೋಡಿ.

ಇಷ್ಟಕ್ಕೂ ಮದ್ದಾಗಿ ತರಗತಿಯಲ್ಲಿ ನಾಲ್ಕು ಕಾಲಮ್ಮಿನ ಕೋಷ್ಟಕ ಬರೆಸಿ. ಕನ್ನಡ ಪದ: ಹೂಳು. ಪತ್ರಿಕೆಯ ಪದ: ಹೂಳೆತ್ತುವುದು, ಸಮತೋಲನ ಜಲಾಶಯ. ಇಂಗ್ಲಿಷ್ ಪದ: ಸಿಲ್ಟ್, ಸೆಡಿಮೆಂಟೇಶನ್. ಹೆಸರಿನ ರೂಪಗಳು: ತುಂಗಭದ್ರಾ, ಟಿ.ಬಿ. ಡ್ಯಾಂ, ಹೊಸಪೇಟೆ, ಹಾಸ್ಪೆಟ್. ಗೂಗಲ್‌ನಲ್ಲಿ ಒಂದೊಂದು ಕಾಲಮ್ಮಿನಿಂದ ಒಂದೊಂದು ಪದ ತೆಗೆದು ಜೋಡಿಸಲಿ; ಇಡೀ ಪ್ರಶ್ನೆಯನ್ನು ಟೈಪ್ ಮಾಡುವುದು ಬೇಡ. ಸರ್ಕಾರಿ ದಾಖಲೆ ಮಾತ್ರ ಬೇಕಿದ್ದರೆ ಸೈಟ್ ಎಂಬ ಇಂಗ್ಲಿಷ್ ಪದ, ಅದಕ್ಕೆ ಅಂಟಿಸಿ ಎರಡು ಚುಕ್ಕೆಯ ಕೋಲನ್, ಅದಕ್ಕೂ ಅಂಟಿಸಿ ಜಿಒವಿ ಡಾಟ್ ಇನ್. ನಡುವೆ ಜಾಗ ಬಿಟ್ಟರೆ ಕೆಲಸ ಮಾಡುವುದಿಲ್ಲ, ಹೆಚ್ಚಿನವರು ಎಡವುವುದು ಅಲ್ಲೇ.

ನಿಮ್ಮ ಕ್ಯಾಟಲಾಗಿನ ಮನೆಯನ್ನೂ ಗುಡಿಸಿಕೊಳ್ಳಿ. ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಷ್ಟೇ ಏರಿಸಿದ್ದರೆ ಕನ್ನಡದಲ್ಲಿ ಹುಡುಕುವವರಿಗೆ ಆ ಪುಸ್ತಕ ಇಲ್ಲವೆಂದೇ ಲೆಕ್ಕ. ಕೋಹಾದಲ್ಲಿ 245ನೇ ಫೀಲ್ಡಿನಲ್ಲಿ ಯೂನಿಕೋಡ್ ಕನ್ನಡ ಶೀರ್ಷಿಕೆ, 246ರಲ್ಲಿ ಇಂಗ್ಲಿಷ್ ಅಕ್ಷರದ ರೂಪ ಕೊಡಿ. ದಿನಕ್ಕೆ ಇಪ್ಪತ್ತು ದಾಖಲೆ ತಿದ್ದಿದರೆ ಐವತ್ತು ಕೆಲಸದ ದಿನದಲ್ಲಿ ಸಾವಿರವಾಗುತ್ತದೆ. ಹೆಚ್ಚು ಎರವಲು ಹೋಗುವ ಪುಸ್ತಕಗಳಿಂದ ಶುರುಮಾಡಿ, ಅಕ್ಸೆಷನ್ ನಂಬರ್ (ಪುಸ್ತಕ ಗ್ರಂಥಾಲಯಕ್ಕೆ ಸೇರಿದ ಕ್ರಮಸಂಖ್ಯೆ) ಒಂದರಿಂದಲ್ಲ.

ಮೂರು ಕಾಗದದಲ್ಲಿ ಮೂರು ಅಂಕಿ

ಈಗ ಲಕೋಟೆ ಬಿಚ್ಚಿಸಿ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಎಷ್ಟು? ಒಂದು ಕಾಗದದಲ್ಲಿ ಸುಮಾರು 133 ಟಿಎಂಸಿ, ಇನ್ನೊಂದರಲ್ಲಿ 100.855, ಮತ್ತೊಂದರಲ್ಲಿ 105.788. "ಯಾವುದು ಸರಿ?" ಎಂದು ಕೇಳಿ, ಸ್ವಲ್ಪ ಹೊತ್ತು ಜಗಳವಾಡಲು ಬಿಡಿ. ಮೂರೂ ಸರಿ. 133 ಕಟ್ಟಿದಾಗಿನದು, 100.855 ಎಂಬುದು 2008ರ ಸಮೀಕ್ಷೆಯದು, 105.788 ಎಂಬುದು 2016ರ ಸಮೀಕ್ಷೆಯದು. ಹಾಗಾಗಿ ಒಂದು ಬರಹ "32 ಟಿಎಂಸಿ ನಷ್ಟ" ಎಂದರೆ ಅದು 2008ರ ಅಂಕಿಯನ್ನು ಕಳೆದದ್ದು, "27 ಟಿಎಂಸಿ" ಎಂದರೆ 2016ರದ್ದನ್ನು. 2008ರಿಂದ 2016ಕ್ಕೆ ಸಾಮರ್ಥ್ಯ ಹೆಚ್ಚಾದಂತೆ ಕಾಣುತ್ತದಲ್ಲ, ಹೂಳು ಕಡಿಮೆಯಾಯಿತೇ ಎಂದು ಯಾರಾದರೂ ಕೇಳಿದರೆ ಆ ವಿದ್ಯಾರ್ಥಿಯ ಹೆಸರು ಬರೆದಿಟ್ಟುಕೊಳ್ಳಿ. ಅಳೆಯುವ ವಿಧಾನ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ, ಎರಡು ಸಮೀಕ್ಷೆಗಳನ್ನು ನೇರವಾಗಿ ಹೋಲಿಸಿ ತೀರ್ಮಾನಕ್ಕೆ ಬರಬಾರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗದು.

ಎರಡನೇ ತಾಳೆ ಮಾನದ್ದು. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗಿನ ವರದಿಗಳಲ್ಲಿ ಕ್ಯೂಸೆಕ್, ಟಿಎಂಸಿ ಎರಡೂ ಒಟ್ಟೊಟ್ಟಿಗೆ ಬರುತ್ತವೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹರಿವಿನ ಪ್ರಮಾಣ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ನಿಂತ ನೀರಿನ ಅಳತೆ. 11,574 ಕ್ಯೂಸೆಕ್ 24 ಗಂಟೆ ಹರಿದರೆ ಒಂದು ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಇದನ್ನು ಬೋರ್ಡಿನ ಮೇಲೆ ಗುಣಿಸಿ ತೋರಿಸಿ. "ಜಲಾಶಯದಲ್ಲಿ ಇಷ್ಟು ಕ್ಯೂಸೆಕ್ ನೀರಿದೆ" ಎಂದು ಬರೆದ ಯಾವುದೇ ಬರಹವನ್ನು, ಎಷ್ಟೇ ಚಂದದ ತಾಣದಲ್ಲಿದ್ದರೂ, ಅವರು ಮುಂದೆ ಅನುಮಾನದಿಂದಲೇ ನೋಡುತ್ತಾರೆ. ಅವಘಡದ ಮರುದಿನದ ವರದಿಗೂ ವಾರದ ನಂತರದ ವರದಿಗೂ ಅಂತರ ಇದ್ದೇ ಇರುತ್ತದೆ, ಒಂದೇ ದಿನದ ಪತ್ರಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿ.

ಫಾರ್ವರ್ಡಿನ ಕಾಗದಕ್ಕೆ ಉಪದೇಶ ಬೇಡ. ಅದರಲ್ಲಿನ ಒಂದು ಅಂಕಿಯನ್ನು ಹಿಡಿದು ಬೇರೆ ನಾಲ್ಕು ಕಾಗದಗಳಲ್ಲಿ ಹುಡುಕಲು ಹೇಳಿ. ಆ ಪುಟವನ್ನೇ ದಿಟ್ಟಿಸುತ್ತ ಕೂತರೆ ಸತ್ಯ ತಿಳಿಯುವುದಿಲ್ಲ, ಪುಟದಿಂದ ಹೊರಗೆ ಬಂದು ಬೇರೆಯವರು ಏನೆನ್ನುತ್ತಾರೆ ನೋಡಬೇಕು. ಸಿಗದಿದ್ದರೆ "ಸುಳ್ಳು" ಎಂದು ಬರೆಯದೆ "ಆಧಾರ ಸಿಗಲಿಲ್ಲ" ಎಂದು ಬರೆಯಲಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಚಾಟ್‌ಜಿಪಿಟಿಯ ಪುಸ್ತಕಪಟ್ಟಿ

ಬಳಸಬೇಡಿ ಎಂದರೆ ಕದ್ದು ಬಳಸುತ್ತಾರೆ. ತರಗತಿಯಲ್ಲೇ ಬಳಸಿ ತೋರಿಸಿ: ತುಂಗಭದ್ರಾ ಯೋಜನೆ ಬಗ್ಗೆ ಆರು ಕನ್ನಡ ಪುಸ್ತಕ ಹೇಳು ಎಂದು ಕೇಳಿ, ಬಂದ ಆರನ್ನೂ ಒಂದೊಂದು ಮೇಜಿಗೆ ಹಂಚಿ. ಕ್ಯಾಟಲಾಗಿನಲ್ಲಿ ಇದೆಯೇ, ಪ್ರಕಾಶಕರ ಪಟ್ಟಿಯಲ್ಲಿ ಇದೆಯೇ, ಆ ಲೇಖಕರು ಅದನ್ನು ಬರೆದದ್ದಕ್ಕೆ ಬೇರೆಲ್ಲಾದರೂ ಗುರುತಿದೆಯೇ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೊಟ್ಟಿದ್ದರೆ 13 ಅಂಕಿಗಳನ್ನು ಎಡದಿಂದ 1, 3, 1, 3 ಎಂದು ಗುಣಿಸಿ ಕೂಡಿಸಲಿ. ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾಗದಿದ್ದರೆ ಆ ನಂಬರೇ ಖೊಟ್ಟಿ. ಭಾರತದ ಪುಸ್ತಕವಾದರೆ 978ರ ನಂತರ 81 ಅಥವಾ 93 ಇರಬೇಕು. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ, ಹಾಗಾಗಿ ನಂಬರ್ ಇಲ್ಲದ್ದು ದೋಷವಲ್ಲ. ಒಂದು ನಿಯಮ ಗೋಡೆಗೆ ಹಾಕಿ: ಪುಟ ತೆರೆದು ನೋಡದ ಪುಸ್ತಕ ಆಕರಪಟ್ಟಿಗೆ ಸೇರಬಾರದು.

ಲಾಗಿನ್ನುಗಳ ಗೋಳು

ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಸದಸ್ಯತ್ವ ಪಡೆದು ಒಬ್ಬರೂ ಬಳಸದ ಕಾಲೇಜುಗಳಿವೆ. ಕಾರಣ ಹೆಚ್ಚಾಗಿ ಇಮೇಲ್. ವಿದ್ಯಾರ್ಥಿಯ ಇಮೇಲನ್ನು ಮೊಬೈಲ್ ಅಂಗಡಿಯವರು ತೆರೆದಿರುತ್ತಾರೆ, ಪಾಸ್‌ವರ್ಡ್ ಅವರಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ಪ್ರವೇಶದ ಅರ್ಜಿಯಲ್ಲಿನ ಇಮೇಲ್ ನಂಬಿ ಪಟ್ಟಿ ಏರಿಸಬೇಡಿ. ಮೊದಲು ಆ ವಿಳಾಸಕ್ಕೊಂದು ಮೇಲ್ ಕಳಿಸಿ, ಉತ್ತರ ಬಂದವರ ಪಟ್ಟಿಯನ್ನಷ್ಟೇ ಏರಿಸಿ. ಉಳಿದವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹೊಸದು ತೆರೆಸಿ.

ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿ 1ರಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13 ಸಾವಿರ ಸಂಶೋಧನಾ ಪತ್ರಿಕೆಗಳು ತೆರೆದಿವೆ. ಒಳ್ಳೆಯದೇ. ಆದರೆ ಬಿ.ಎ. ಮೊದಲ ವರ್ಷದವರಿಗೆ ಅದನ್ನು ಮೊದಲೇ ತೋರಿಸಿದರೆ ಇಂಗ್ಲಿಷ್ ಸಾರಾಂಶದ ಗೋಡೆಗೆ ಡಿಕ್ಕಿ ಹೊಡೆದು ವಾಪಸ್ ಬರುತ್ತಾರೆ. ಅವರಿಗೆ ಹಾದಿ ಹೀಗಿರಲಿ: ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟದ ಕನ್ನಡ ವಿಶ್ವಕೋಶ ಅಥವಾ ಕಣಜ ಎಂಬ ಕನ್ನಡ ಮಾಹಿತಿಯ ಜಾಲತಾಣದಿಂದ ಹಿನ್ನೆಲೆ, ಜಿಲ್ಲಾ ಗ್ಯಾಸೆಟಿಯರಿನಿಂದ ಊರಿನ ವಿವರ, ರಾಜ್ಯದ ಆರ್ಥಿಕ ಸಮೀಕ್ಷೆಯಿಂದ ಅಂಕಿ, ಪತ್ರಿಕೆಗಳಿಂದ ಇತ್ತೀಚಿನದು. ಅಷ್ಟಾದ ಮೇಲೂ ಹಸಿವಿದ್ದರೆ ಶೋಧಗಂಗಾ, ಸಂಶೋಧನಾ ಪತ್ರಿಕೆ. ಅಂತಿಮ ವರ್ಷದ ಪ್ರಾಜೆಕ್ಟಿನವರಿಗೆ ಈ ಸಾಲನ್ನು ತಿರುಗಿಸಬಹುದು.

ಎಲ್ಲಿಂದ ತಂದದ್ದೆಂದು ಬರೆಯುವುದು

ಇಂಗ್ಲಿಷ್ ಮಾದರಿಯಲ್ಲಿ ಮನೆತನದ ಹೆಸರು ಮುಂದೆ, ಕೊಟ್ಟ ಹೆಸರು ಹಿಂದೆ. ನಮ್ಮಲ್ಲಿ ಮುಂದಿರುವ ಇನಿಷಿಯಲ್ಲು ಊರಿನದಿರಬಹುದು, ಅಪ್ಪನದಿರಬಹುದು. ಕನ್ನಡ ಆಕರಗಳಲ್ಲಿ ಹೆಸರು ತಿರುಗಿಸದೆ ಪುಸ್ತಕದ ಮುಖಪುಟದಲ್ಲಿ ಇದ್ದಂತೆಯೇ ಬರೆಯಿಸಿ. ಕಾವ್ಯನಾಮದಲ್ಲಿ ಅಚ್ಚಾಗಿದ್ದರೆ ಕಾವ್ಯನಾಮವೇ. ಆಕರಪಟ್ಟಿ ಮಾಡುವ ಜೊಟೆರೋ ತಂತ್ರಾಂಶ ಬಳಸುವವರು ಲೇಖಕರ ಹೆಸರಿನ ಪಕ್ಕದ ಗುಂಡಿ ಒತ್ತಿ ಒಂದೇ ಚೌಕದ ರೂಪಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಅದು ತಾನೇ ಹೆಸರನ್ನು ತುಂಡು ಮಾಡುತ್ತದೆ. ಲೇಖಕ, ಕೃತಿ, ಪ್ರಕಾಶಕರು, ಊರು, ವರ್ಷ, ಪುಟ. ಜಾಲತಾಣವಾದರೆ ನೋಡಿದ ದಿನಾಂಕ. ಓದುವಾಗಲೇ ಪುಟಸಂಖ್ಯೆ ಬರೆದುಕೊಳ್ಳದವರು ಕೊನೆಯ ರಾತ್ರಿ ಅದನ್ನು ಕಲ್ಪಿಸಿ ಬರೆಯುತ್ತಾರೆ.

ನಕಲು ಪತ್ತೆ ತಂತ್ರಾಂಶದ ಬಗ್ಗೆ ಒಂದೇ ಎಚ್ಚರ. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆದರೆ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಪ್ರಾಜೆಕ್ಟಿಗೆ ಶೂನ್ಯ ಬಂದರೆ ಸಂತೋಷಪಡಬೇಡಿ, ತಂತ್ರಾಂಶ ಅದನ್ನು ಓದಿಯೇ ಇಲ್ಲ.

ಜೆರಾಕ್ಸ್ ವಿಷಯ: ಸ್ವಂತ ಅಧ್ಯಯನಕ್ಕೆ ಅಧ್ಯಾಯವೊಂದರ ಪ್ರತಿ ತೆಗೆಯಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಆ ಅವಕಾಶಕ್ಕೆ ಸೇರುವುದಿಲ್ಲ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದಿದ್ದರೆ ಆ ತೊಡಕಿಲ್ಲ.

ಫಲಿತಾಂಶ ನೋಡುವುದು ಎಲ್ಲಿ

ಬಾಗಿಲ ಬಳಿಯ ಹಾಜರಿ ಪುಸ್ತಕದ ಸಹಿಗಳನ್ನು ಎಣಿಸಿದರೆ ಪೇಪರ್ ಓದಲು, ಫ್ಯಾನಿನ ಕೆಳಗೆ ಕೂರಲು ಬಂದವರ ಲೆಕ್ಕ ಸಿಗುತ್ತದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಗೆ ಅದು ಬೇಕು, ಇಟ್ಟುಕೊಳ್ಳಿ. ಕಲಿತರೋ ಇಲ್ಲವೋ ತಿಳಿಯಲು ಅಸೈನ್‌ಮೆಂಟಿನ ಕೊನೆಯ ಪುಟ ನೋಡಬೇಕು. ತಿದ್ದಿದ ಮೇಲೆ ಉಪನ್ಯಾಸಕರಿಂದ ಇಪ್ಪತ್ತು ಅಸೈನ್‌ಮೆಂಟ್ ಕೇಳಿ ಪಡೆದು ನಾಲ್ಕು ಗೀಟು ಎಳೆಯಿರಿ: ಎಷ್ಟು ಆಕರಗಳಿವೆ, ಎಷ್ಟರಲ್ಲಿ ವರ್ಷವಿದೆ, ಎಷ್ಟು ನಮ್ಮ ಗ್ರಂಥಾಲಯದವು, ಬರಹದೊಳಗಿನ ಅಂಕಿಗಳಲ್ಲಿ ಎಷ್ಟಕ್ಕೆ ಆಧಾರ ಕೊಟ್ಟಿದ್ದಾರೆ. ತರಗತಿ ನಡೆಯದ ಹಿಂದಿನ ವರ್ಷದ ಇಪ್ಪತ್ತನ್ನು ಪಕ್ಕಕ್ಕಿಡಿ. ವ್ಯತ್ಯಾಸ ಕಾಣದಿದ್ದರೆ ತರಗತಿ ಅಸೈನ್‌ಮೆಂಟಿಗಿಂತ ತುಂಬಾ ಮೊದಲೇ ಆಗಿತ್ತೇ, ಉಪನ್ಯಾಸಕರು ಆ ಎರಡು ಅಂಕವನ್ನು ನಿಜಕ್ಕೂ ಲೆಕ್ಕ ಹಾಕಿದರೇ ಎಂಬುದನ್ನು ಮೊದಲು ವಿಚಾರಿಸಿ. ದೋಷ ಹೆಚ್ಚಾಗಿ ಈ ಎರಡರಲ್ಲೊಂದು ಕಡೆ ಇರುತ್ತದೆ.

ಇಪ್ಪತ್ತರಲ್ಲಿ ಚೆನ್ನಾಗಿರುವ ಎರಡು ಮೂರನ್ನು, ಬರೆದವರ ಒಪ್ಪಿಗೆ ಪಡೆದು, ಒಂದು ಬಾಕ್ಸ್ ಫೈಲಿನಲ್ಲಿ ಹಾಕಿ. ಬೆನ್ನಿನ ಮೇಲೆ ವಿಷಯ ಮತ್ತು ವರ್ಷ ಬರೆಯಿರಿ. ಒಳಗೆ ಆ ವಿಷಯದ ಪತ್ರಿಕಾ ತುಣುಕುಗಳನ್ನು ಪತ್ರಿಕೆಯ ಹೆಸರು, ದಿನಾಂಕ, ಪುಟ ಸಮೇತ ಸೇರಿಸುತ್ತ ಹೋಗಿ. ದಿನಾಂಕ ಬರೆಯದ ತುಣುಕನ್ನು ಹಾಕಬೇಡಿ. ಫೈಲನ್ನು ಮನೆಗೆ ಕೊಡುವುದು ಬೇಡ, ಅಲ್ಲೇ ಕೂತು ನೋಡಲಿ. ಮುಂದಿನ ವರ್ಷದವರು ಬಂದಾಗ ವಿಷಯವನ್ನು ಒಂದು ಊರಿಗೋ ಒಂದು ಕಾಲುವೆಗೋ ಬದಲಿಸಿ ಕೊಡಲು ಉಪನ್ಯಾಸಕರಿಗೆ ಹೇಳಿ, ಇಲ್ಲದಿದ್ದರೆ ಆ ಫೈಲೇ ನೇರವಾಗಿ ಜೆರಾಕ್ಸ್ ಅಂಗಡಿ ಸೇರುತ್ತದೆ.